ಇಂಗಾಲಕ್ಕೆ ಸಿಗದ ಪುರುಸೊತ್ತು

ಮನೆ ಕಟ್ಟಿಸುತ್ತಿರುವವರ ಅಂಗಳದಿಂದ ಟಿಎಂಟಿ ಕಂಬಿಯ ಒಂದು ಗೇಣುದ್ದದ ತುಂಡು ತನ್ನಿ. ಕತ್ತರಿಸಿದ ತುದಿಯನ್ನು ಮೊದಲು ಒರಟು, ಆಮೇಲೆ ನಯವಾದ ಎಮರಿ ಕಾಗದದಿಂದ ಗೀರು ಕಾಣದಷ್ಟು ಉಜ್ಜಿ. ಕಾಣುವುದು ಬೆಳ್ಳಗಿನ ಒಂದು ಬಿಲ್ಲೆ, ಅಷ್ಟೇ. ಈಗ ಆಲ್ಕೋಹಾಲಿನಲ್ಲಿ ಒಂದಿಷ್ಟು ನೈಟ್ರಿಕ್ ಆಮ್ಲ ಬೆರೆಸಿದ ದ್ರಾವಣವನ್ನು, ಲ್ಯಾಬಿನವರು ನೈಟಾಲ್ ಅನ್ನುತ್ತಾರಲ್ಲ ಅದನ್ನು, ಹತ್ತಿಯಲ್ಲಿ ಅದ್ದಿ ಸವರಬೇಕು. ನೋಡನೋಡುತ್ತಲೇ ಬಿಲ್ಲೆಯ ಅಂಚಿಗೆ ಕಡುಬೂದು ಬಣ್ಣದ ಉಂಗುರವೊಂದು ಮೂಡುತ್ತದೆ. ನಡುವೆ ತಿಳಿಬಣ್ಣದ ತಿರುಳು. ಎರಡರ ಮಧ್ಯೆ, ಗಮನವಿಟ್ಟು ನೋಡಿದರೆ, ಅತ್ತ ಅದೂ ಅಲ್ಲದ ಇತ್ತ ಇದೂ ಅಲ್ಲದ ಒಂದು ಮಸುಕು ಪಟ್ಟಿ.

ಉಂಗುರ ಮತ್ತು ತಿರುಳು ಎರಡೂ ಒಂದೇ ಕುಲುಮೆಯಲ್ಲಿ ಕರಗಿ, ಒಂದೇ ಬಿಲ್ಲೆಟ್ಟಾಗಿ ಎರಕಗೊಂಡು, ಒಂದೇ ರೋಲಿಂಗ್ ಮಿಲ್ಲಿನಲ್ಲಿ ಹಾಯ್ದು ಬಂದವು. ರಾಸಾಯನಿಕ ಪರೀಕ್ಷೆಗೆ ಕೊಟ್ಟರೆ ಎರಡಕ್ಕೂ ಒಂದೇ ವರದಿ ಬರುತ್ತದೆ: ಕಬ್ಬಿಣ, ಶೇಕಡಾ 0.2ರ ಆಸುಪಾಸು ಇಂಗಾಲ, ಒಂದಿಷ್ಟು ಮ್ಯಾಂಗನೀಸ್, ಒಂದಿಷ್ಟು ಸಿಲಿಕಾನ್. ಆದರೂ ಉಂಗುರ ತಿರುಳಿಗಿಂತ ಬಹಳ ಗಡಸು. ಕಂಬಿಯ ಹೊರಮೈ ಎಷ್ಟು ಬೇಗ ತಣಿಯಿತು, ಒಳಗು ಎಷ್ಟು ನಿಧಾನವಾಗಿ ತಣಿಯಿತು ಎಂಬುದೊಂದೇ ಅವುಗಳ ನಡುವಿನ ಭೇದ. ಉಕ್ಕಿನ ಬಲ ಅದರಲ್ಲಿ ಏನೇನು ಬೆರೆತಿದೆ ಎಂಬುದರಷ್ಟೇ, ಬಹಳ ಸಲ ಅದಕ್ಕಿಂತ ಹೆಚ್ಚಾಗಿ, ಅದರೊಳಗಿನ ಇಂಗಾಲಕ್ಕೆ ಎಷ್ಟು ಹೊತ್ತು ಸಿಕ್ಕಿತು ಎಂಬುದರ ಲೆಕ್ಕ.

ಕಬ್ಬಿಣಕ್ಕೊಂದು ವಿಚಿತ್ರ ಸ್ವಭಾವವಿದೆ. ತಣ್ಣಗಿರುವಾಗ ಅದರ ಪರಮಾಣುಗಳು ಘನದ ಎಂಟು ಮೂಲೆಗಳಲ್ಲೂ ನಟ್ಟನಡುವೆ ಒಂದೂ ಕೂತಿರುತ್ತವೆ. ಈ ಜೋಡಣೆಯ ಹೆಸರು ಫೆರೈಟ್. ಕಾಯಿಸುತ್ತ ಹೋಗಿ 912 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ, ಕರಗುವುದಕ್ಕೆ ಇನ್ನೂ ಆರುನೂರು ಡಿಗ್ರಿಗೂ ಮಿಗಿಲು ಬಾಕಿ ಇರುವಾಗಲೇ, ಗಟ್ಟಿ ಲೋಹದೊಳಗೇ ಪರಮಾಣುಗಳು ಜಾಗ ಬದಲಿಸುತ್ತವೆ. ಮೂಲೆಗಳ ಜೊತೆಗೆ ಈಗ ಘನದ ಆರೂ ಮುಖಗಳ ನಡುವೆ ಒಂದೊಂದು ಪರಮಾಣು. ಇದು ಆಸ್ಟೆನೈಟ್. ಒಟ್ಟಾರೆ ನೋಡಿದರೆ ಆಸ್ಟೆನೈಟಿನಲ್ಲೇ ಪರಮಾಣುಗಳು ಹೆಚ್ಚು ಒತ್ತೊತ್ತಾಗಿವೆ, ಖಾಲಿ ಜಾಗ ಕಡಿಮೆ. ಹಾಗಿದ್ದೂ ಇಂಗಾಲ ನುಸುಳಿ ಕೂರುವುದಕ್ಕೆ ಅದೇ ಅನುಕೂಲ, ಏಕೆಂದರೆ ಅಲ್ಲಿನ ಸಂದುಗಳು ಕಡಿಮೆಯಾದರೂ ದೊಡ್ಡವು. ಫೆರೈಟ್ ಎಂದರೆ ಗೋಡೆ ತುಂಬ ಗೂಡುಗಳಿದ್ದು ಮಲಗಲು ಒಂದು ಕೋಣೆಯೂ ಇಲ್ಲದ ಮನೆ. ಆಸ್ಟೆನೈಟ್ ಶೇಕಡಾ 2ಕ್ಕೂ ತುಸು ಹೆಚ್ಚು ಇಂಗಾಲವನ್ನು ತನ್ನೊಳಗೆ ಇಟ್ಟುಕೊಳ್ಳಬಲ್ಲದು. ಫೆರೈಟಿಗೆ ಶೇಕಡಾ 0.02ರಷ್ಟಕ್ಕೇ ಸಾಕುಸಾಕಾಗುತ್ತದೆ. ಈ ನೂರು ಪಟ್ಟಿನ ಅಂತರ ಇಲ್ಲದಿದ್ದರೆ ಕತ್ತಿಯೂ ಇಲ್ಲ, ಉಳಿಯೂ ಇಲ್ಲ, ವಿಮಾನದ ಗಾಲಿಯೂ ನೆಲ ಮುಟ್ಟುವುದಿಲ್ಲ.

ಕಾದ ಉಕ್ಕು ನಿಧಾನವಾಗಿ ತಣಿಯುವಾಗ ಇಂಗಾಲ ಮರ್ಯಾದೆಯಿಂದ ಜಾಗ ಖಾಲಿ ಮಾಡುತ್ತದೆ. ಉಷ್ಣತೆ 727 ಡಿಗ್ರಿಗಿಂತ ಕೆಳಗಿಳಿದಾಗ ಆಸ್ಟೆನೈಟ್ ಎರಡಾಗಿ ಒಡೆಯುತ್ತದೆ: ಇಂಗಾಲವೇ ಇಲ್ಲವೆನ್ನಬಹುದಾದ ಮೆತ್ತನೆಯ ಫೆರೈಟಿನ ಒಂದು ಹಾಳೆ, ಪಕ್ಕದಲ್ಲಿ ಮೂರು ಕಬ್ಬಿಣಕ್ಕೆ ಒಂದು ಇಂಗಾಲ ಸೇರಿದ ಗಡಸು ಸಿಮೆಂಟೈಟಿನ ಒಂದು ಹಾಳೆ, ಮತ್ತೆ ಫೆರೈಟ್, ಮತ್ತೆ ಸಿಮೆಂಟೈಟ್. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹೆನ್ರಿ ಕ್ಲಿಫ್ಟನ್ ಸಾರ್ಬಿ 1863–64ರಲ್ಲಿ ಉಕ್ಕನ್ನು ನಯಗೊಳಿಸಿ, ಆಮ್ಲ ಸವರಿ, ಸೂಕ್ಷ್ಮದರ್ಶಕದಡಿ ಇಟ್ಟಾಗ ಮುತ್ತಿನ ಹಾಗೆ ಬಣ್ಣಬಣ್ಣವಾಗಿ ಮಿನುಗಿದ್ದು ಈ ಪದರಗಳೇ. ಪರ್ಲೈಟ್ ಎಂಬ ಹೆಸರು ಬಂದದ್ದು ಅದರಿಂದ. ರೈಲು ಹಳಿಗಳು ಇಂದಿಗೂ ಬಹುಮಟ್ಟಿಗೆ ಪರ್ಲೈಟೇ. ಅದು ಒಳ್ಳೆಯ, ನಂಬಬಹುದಾದ ಉಕ್ಕು; ನಮ್ಮ ಕತೆಗೆ ಬೇಕಾದ್ದು ಅದಕ್ಕಿಂತ ಉದ್ರಿಕ್ತವಾದ ಇನ್ನೊಂದು.

1860ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಒಬುಖೋವ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಉಕ್ಕಿನ ಫಿರಂಗಿ ನಳಿಗೆಗಳಲ್ಲಿ ಕೆಲವು ಗಟ್ಟಿಮುಟ್ಟಾಗಿರುತ್ತಿದ್ದವು, ಕೆಲವು ಹಾರಿಸುವಾಗಲೇ ಸೀಳಿಹೋಗುತ್ತಿದ್ದವು. ಅಲ್ಲಿದ್ದ ಎಂಜಿನಿಯರ್ ದ್ಮಿತ್ರಿ ಚೆರ್ನೋವ್ ಉಕ್ಕಿನ ರಾಸಾಯನಿಕ ಪಟ್ಟಿಯನ್ನು ಬದಿಗಿಟ್ಟು ಅದನ್ನು ಕಾಯಿಸಿದ ರೀತಿಯನ್ನು ಹಿಂಬಾಲಿಸಿದ. ಅಷ್ಟು ಉಷ್ಣತೆ ಅಳೆಯುವ ಒಳ್ಳೆಯ ಉಪಕರಣವೇ ಆಗ ಇರಲಿಲ್ಲ. ಕಾದ ಲೋಹದ ಬಣ್ಣವನ್ನು ಬರಿಗಣ್ಣಲ್ಲಿ ನೋಡಿಯೇ ಆತ ನಿರ್ಧರಿಸಬೇಕಿತ್ತು. 1868ರಲ್ಲಿ ಆತ ಮಂಡಿಸಿದ ತೀರ್ಮಾನ ಸರಳ. ಕಡುಗೆಂಪಿನ ಒಂದು ನಿರ್ದಿಷ್ಟ ಛಾಯೆಗಿಂತ ಕೆಳಗೆ ಕಾಯಿಸಿದ ಉಕ್ಕನ್ನು ಎಷ್ಟೇ ಬೇಗ ತಣಿಸಿದರೂ ಅದು ಗಡಸಾಗುವುದಿಲ್ಲ. ಆ ಗೆರೆ ದಾಟಿದ್ದರೆ ಆಗುತ್ತದೆ. ಗಟ್ಟಿ ಲೋಹದೊಳಗೆ ಏನೋ ಮಗುಚುವ ಒಂದು ಉಷ್ಣತೆ ಇದೆ ಎಂಬುದನ್ನು ಕಣ್ಣೊಂದನ್ನೇ ನಂಬಿ ಹಿಡಿದದ್ದು ಲೋಹಶಾಸ್ತ್ರದಲ್ಲಿ ನನಗೆ ಬಹಳ ಇಷ್ಟವಾದ ಪ್ರಸಂಗ. ಕ್ಷ-ಕಿರಣಗಳಿಂದ ಪರಮಾಣುಗಳ ಜೋಡಣೆಯನ್ನು ಕಾಣುವುದಕ್ಕೆ ಇನ್ನೂ ಅರ್ಧ ಶತಮಾನ ಕಾಯಬೇಕಿತ್ತು.

ಗೆರೆ ದಾಟಿದ ಉಕ್ಕನ್ನು ನೀರಿಗೆ ಅದ್ದಿದಾಗ ಇಂಗಾಲಕ್ಕೆ ಹೊರಡಲು ಪುರುಸೊತ್ತೇ ಇರುವುದಿಲ್ಲ. ಕಬ್ಬಿಣಕ್ಕೋ ಹಳೆಯ ಜೋಡಣೆಗೆ ಮರಳಲೇಬೇಕೆಂಬ ಒತ್ತಡ. ಒಂದಷ್ಟು ಹೊತ್ತು ತಡೆದು ತಡೆದು, ಇಂಗಾಲದ ಪ್ರಮಾಣಕ್ಕೆ ತಕ್ಕಂತೆ 450ರಿಂದ 200 ಡಿಗ್ರಿಯ ನಡುವೆ ಎಲ್ಲೋ ಒಂದು ಕಡೆ, ಪರಮಾಣುಗಳು ಸಾಲುಸಾಲಾಗಿ ಒಟ್ಟಿಗೇ ವಾಲಿಬಿಡುತ್ತವೆ. ಯಾವುದೂ ತನ್ನ ನೆರೆಹೊರೆ ಬಿಡುವುದಿಲ್ಲ, ಒಂದು ಪರಮಾಣುವಿನ ಅಗಲದಷ್ಟು ದೂರವೂ ಸಾಗುವುದಿಲ್ಲ. ಈ ಅಲೆ ಲೋಹದೊಳಗೆ ಶಬ್ದ ಸಾಗುವ ವೇಗಕ್ಕೆ ಹತ್ತಿರದ ವೇಗದಲ್ಲಿ ಹರಿಯಬಲ್ಲದು. ಇಂಗಾಲ ಇದ್ದಲ್ಲೇ ಸಿಕ್ಕಿಬೀಳುತ್ತದೆ. ಅದರ ಇಕ್ಕಟ್ಟಿಗೆ ಘನ ಒಂದು ಕಡೆಗೆ ಉದ್ದುದ್ದವಾಗಿ ಹಿಗ್ಗುತ್ತದೆ. ಹುಟ್ಟುವುದು ಮಾರ್ಟೆನ್ಸೈಟ್. ಹೆಸರು ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್‌ನದು, ಇಟ್ಟವನು ಫ್ರಾನ್ಸಿನ ಫ್ಲೋರಿಸ್ ಓಸ್ಮಾಂಡ್. ಆಸ್ಟೆನೈಟಿಗೂ ಆತನೇ ಇಂಗ್ಲೆಂಡಿನ ರಾಬರ್ಟ್ಸ್-ಆಸ್ಟೆನ್‌ನ ಹೆಸರಿಟ್ಟ. ಆತನ ಗೌರವಕ್ಕೆ ಬೇರೆಯವರು ಹುಟ್ಟುಹಾಕಿದ ಓಸ್ಮಾಂಡೈಟ್ ಮಾತ್ರ ಕೆಲಕಾಲ ಬಳಕೆಯಲ್ಲಿದ್ದು ಅಳಿದುಹೋಯಿತು, ಪಾಪ.

ಮಾರ್ಟೆನ್ಸೈಟ್ ಏಕೆ ಗಡಸು? ಲೋಹ ಬಾಗುವುದೆಂದರೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದು. ಇಡೀ ಪದರ ಒಮ್ಮೆಲೇ ಜಾರುವುದಿಲ್ಲ. ಜೋಡಣೆ ತಪ್ಪಿದ ಒಂದು ಗೆರೆ, ಡಿಸ್‌ಲೊಕೇಶನ್ ಎನ್ನುತ್ತಾರೆ, ಸ್ಫಟಿಕದೊಳಗೆ ಹರಿದು ಹೋಗುತ್ತ ಜಾರಿಸುತ್ತದೆ. ಮಾರ್ಟೆನ್ಸೈಟಿನಲ್ಲಿ ಸಿಕ್ಕಿಬಿದ್ದ ಇಂಗಾಲ ಸುತ್ತಲಿನ ಜಾಲವನ್ನೇ ಸೊಟ್ಟಗೆ ಮಾಡಿರುವುದರಿಂದ ಈ ಗೆರೆ ಹೆಜ್ಜೆಗೊಮ್ಮೆ ತಡೆಯುತ್ತದೆ. ಜೊತೆಗೆ ವಾಲಾಟದ ರಭಸದಲ್ಲಿ ಹುಟ್ಟಿದ ಕೋಟ್ಯಂತರ ಇಂಥ ಗೆರೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿರುತ್ತವೆ. ಇಂಗಾಲ ಹೆಚ್ಚಿದಷ್ಟೂ ಗಡಸು ಹೆಚ್ಚು: ಶೇಕಡಾ 0.8ರ ಆಸುಪಾಸಿಗೆ ರಾಕ್‌ವೆಲ್ ಸಿ ಮಾಪನದಲ್ಲಿ 65ರ ತನಕ. ಕಾರ್ಖಾನೆಯವರು ಇದನ್ನೇ 65 ಎಚ್‌ಆರ್‌ಸಿ ಎನ್ನುತ್ತಾರೆ. ಅದರ ಮೇಲೆ ಅರ ಆಡಿಸಿದರೆ ಅರವೇ ಜಾರುತ್ತದೆ.

ಇಷ್ಟು ತಿಳಿದ ಮೇಲೆ ಆ ಕಂಬಿಯ ಉಂಗುರ ಅರ್ಥವಾಗುತ್ತದೆ. ಬೆಲ್ಜಿಯಂನ ಸಂಶೋಧಕರು 1970ರ ದಶಕದಲ್ಲಿ ರೂಪಿಸಿದ ಟೆಂಪ್‌ಕೋರ್ ಎಂಬ ವಿಧಾನ ಇಲ್ಲಿ ಟಿಎಂಟಿ ಎಂಬ ಹೆಸರಲ್ಲಿ ಮನೆಮಾತಾಗಿದೆ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲೂ ಇಂಥ ಕಂಬಿ ತಯಾರಾಗುತ್ತದೆ. ಕೊನೆಯ ರೋಲು ದಾಟಿದ ಕಂಬಿ ಸಾವಿರ ಡಿಗ್ರಿಯ ಹತ್ತಿರದ ಕಾವಿನಲ್ಲಿ, ಪೂರ್ತಿ ಆಸ್ಟೆನೈಟಾಗಿ, ರಭಸದ ನೀರು ಚಿಮ್ಮುವ ಕೊಳವೆಗಳೊಳಗೆ ನುಗ್ಗುತ್ತದೆ. ಒಂದು ಸೆಕೆಂಡಿನ ಆಸುಪಾಸು ಅಷ್ಟೇ. ಹೊರಮೈ ಮಾರ್ಟೆನ್ಸೈಟಾಗಿ ಕಪ್ಪಾಗುತ್ತದೆ, ಒಳಗಿನ್ನೂ ಕೆಂಡ. ನೀರಿನಿಂದ ಹೊರಬಿದ್ದ ಕೂಡಲೇ ಒಳಗಿನ ಕಾವು ಹೊರಕ್ಕೆ ಹರಿದು ಕಪ್ಪಾಗಿದ್ದ ಮೈ ಮತ್ತೆ ಕೆಂಪೇರುವುದನ್ನು ತಣಿಸುವ ಹಾಸಿನ ಮೇಲೆ ಕಣ್ಣಾರೆ ನೋಡಬಹುದು. ಹೀಗೆ ಸುಮಾರು 600 ಡಿಗ್ರಿಗೆ ಮರುಕಾಯುವಾಗ ಮಾರ್ಟೆನ್ಸೈಟಿನ ಪೆಡಸುತನ ಕಳೆಯುತ್ತದೆ. ತಿರುಳು ಆಮೇಲೆ ತನ್ನ ಪಾಡಿಗೆ ತಣಿದು ಫೆರೈಟ್, ಪರ್ಲೈಟ್ ಆಗುತ್ತದೆ. ಹೊರಗೆ ಬಲ, ಒಳಗೆ ಬಾಗಿ ಹಿಗ್ಗುವ ಗುಣ. ಪ್ರತ್ಯೇಕ ಕುಲುಮೆ ಇಲ್ಲ, ದುಬಾರಿ ಮಿಶ್ರಣ ಇಲ್ಲ, ಇಂಗಾಲ ಕಡಿಮೆಯಾದ್ದರಿಂದ ವೆಲ್ಡಿಂಗಿಗೂ ತಕರಾರಿಲ್ಲ. ಕಂಬಿಯ ಮೇಲೆ ಅಚ್ಚೊತ್ತಿರುವ ಎಫ್ಇ 500 ಎಂದರೆ ಚದರ ಮಿಲಿಮೀಟರಿಗೆ 500 ನ್ಯೂಟನ್, ಅಂದರೆ 500 ಮೆಗಾಪ್ಯಾಸ್ಕಲ್ ಎಳೆತದವರೆಗೂ ಅದು ಶಾಶ್ವತವಾಗಿ ಹಿಗ್ಗುವುದಿಲ್ಲ. 12 ಎಂಎಂ ಕಂಬಿಯೊಂದಕ್ಕೆ ಲೆಕ್ಕ ಹಾಕಿದರೆ ಐದೂಮುಕ್ಕಾಲು ಟನ್ ತೂಗು ಹಾಕಿದಂತೆ.

ಬಲವೆಲ್ಲ ಹೊರಚರ್ಮದಲ್ಲಿದೆ ಎಂಬುದನ್ನು ಮರೆತರೆ ಎಡವಟ್ಟಾಗುತ್ತದೆ. ಪರೀಕ್ಷೆಗೆಂದು ಕಂಬಿಯನ್ನು ಲೇತಿಗೆ ಕಟ್ಟಿ ಮೈ ಸವೆಸಿದರೆ ಉಂಗುರವೇ ಹೋಗಿ ಮೆತ್ತನೆ ತಿರುಳಿನ ಬಲ ಸಿಗುತ್ತದೆ. ಹಾಗಾಗಿ ಇಡೀ ಕಂಬಿಯನ್ನೇ ಎಳೆದು ಪರೀಕ್ಷಿಸಬೇಕು. ದೊಡ್ಡ ಕಟ್ಟಡಗಳಲ್ಲಿ ಕಂಬಿಗೆ ಮರೆ ಕೊರೆದು ಕಪ್ಲರ್ ಹಾಕುವಾಗ ತುದಿಯನ್ನು ಮೊದಲು ಒತ್ತಿ ದಪ್ಪ ಮಾಡಿಕೊಳ್ಳುವುದಕ್ಕೂ ಇದು ಒಂದು ಕಾರಣ. ಇನ್ನು 25 ಎಂಎಂ ಕಂಬಿ ಬಾಗುತ್ತಿಲ್ಲವೆಂದು ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಾಗಿಸುವ ಚಾಳಿ ಕೆಲವು ಸೈಟುಗಳಲ್ಲಿದೆ. ಕಾಯಿಸಿದ ಮೂಲೆಯಲ್ಲಿ ಉಂಗುರದ ಮಾರ್ಟೆನ್ಸೈಟ್ ಕರಗಿಹೋಗಿ, ಗಾಳಿಯಲ್ಲಿ ತಣಿದು, ಸಾಧಾರಣ ಕಬ್ಬಿಣದ ಸರಳಾಗಿರುತ್ತದೆ. ಹೊರಗಿನಿಂದ ಅದು ಗೊತ್ತೇ ಆಗುವುದಿಲ್ಲ. ಮನೆ ಕಟ್ಟಿಸುವವರು ಸಿಮೆಂಟ್ ಬ್ರ್ಯಾಂಡಿನ ಚರ್ಚೆಯಲ್ಲಿ ಕಳೆಯುವ ಹೊತ್ತಿನಲ್ಲಿ ಒಂದು ಪಾಲನ್ನು ಇದಕ್ಕೆ ಕೊಡಬೇಕು. ನೈಟಾಲ್ ಸವರಿದಾಗ ಉಂಗುರ ಪೂರ್ತಿ ಸುತ್ತದೆ ಅರ್ಧಚಂದ್ರನಾಗಿ ನಿಂತರೆ, ಮಿಲ್ಲಿನಲ್ಲಿ ನೀರು ಒಂದೇ ಕಡೆ ಬಿದ್ದಿದೆ ಎಂದು ಅರ್ಥ.

ಕಾರಿನ ಮುಂಬಾಗಿಲು, ಹಿಂಬಾಗಿಲುಗಳ ನಡುವಿನ ಕಂಬದಲ್ಲೂ ಇದೇ ಜಾಣತನ ಇನ್ನೊಂದು ರೂಪದಲ್ಲಿದೆ. ಕಾಸಿನಷ್ಟು ಬೋರಾನ್ ಬೆರೆಸಿದ ತಗಡನ್ನು 900 ಡಿಗ್ರಿ ದಾಟಿಸಿ ಕಾಯಿಸಿ, ಒಳಗೆ ತಣ್ಣೀರು ಹರಿಯುವ ಅಚ್ಚುಗಳ ನಡುವೆ ಒತ್ತುತ್ತಾರೆ. ಆಕಾರ ಬರುವುದೂ ಗಡಸಾಗುವುದೂ ಕೆಲವೇ ಸೆಕೆಂಡುಗಳಲ್ಲಿ ಒಟ್ಟಿಗೇ ಮುಗಿಯುತ್ತವೆ. ಸುಮಾರು 600 ಮೆಗಾಪ್ಯಾಸ್ಕಲ್ ಬಲದ ತಗಡು 1,500ರದ್ದಾಗಿ ಹೊರಬರುತ್ತದೆ. ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ಹುಟ್ಟಿದ ಈ ವಿಧಾನವನ್ನು ಕಾರಿಗೆ ಮೊದಲು ತಂದದ್ದು ಸಾಬ್ ಕಂಪನಿ.

ತಗಡು, ಕಂಬಿ ಸರಿ. ಮುಂಗೈ ದಪ್ಪದ ಶಾಫ್ಟನ್ನು ಗಡಸು ಮಾಡುವುದು ಹೇಗೆ? ಒಳಗಿನ ಕಾವು ಹೊರಗೆ ಬರುವಷ್ಟರಲ್ಲಿ ಅಲ್ಲಿನ ಇಂಗಾಲಕ್ಕೆ ಬೇಕಾದಷ್ಟು ಸಮಯ ಸಿಕ್ಕಿರುತ್ತದೆ. ಇನ್ನೂ ರಭಸವಾಗಿ ತಣಿಸೋಣವೆಂದರೆ ಇನ್ನೊಂದು ಕಾಟ: ಆಸ್ಟೆನೈಟಿಗಿಂತ ಮಾರ್ಟೆನ್ಸೈಟ್ ಸುಮಾರು ಶೇಕಡಾ 4ರಷ್ಟು ಹೆಚ್ಚು ಜಾಗ ಕೇಳುತ್ತದೆ. ಹೊರಮೈ ಮೊದಲೇ ಗಡಸಾಗಿ ಕೂತಿರುವಾಗ ಒಳಗು ತಡವಾಗಿ ಉಬ್ಬಲು ಹೊರಟರೆ ಮೈ ಸೀಳುತ್ತದೆ. ಕೆಲವೊಮ್ಮೆ ಟ್ಯಾಂಕಿನಲ್ಲೇ, ಕೆಲವೊಮ್ಮೆ ಮರುದಿನ ಬೆಳಿಗ್ಗೆ ಟ್ರೇನಲ್ಲಿ ಬಿರುಕು ಕಾಣುತ್ತದೆ. ಪರಿಹಾರ ಸಿಕ್ಕಿದ್ದು ಇಂಗಾಲದ ನಡಿಗೆಯನ್ನೇ ನಿಧಾನಿಸುವುದರಲ್ಲಿ. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತಿದ್ದರೆ ಪರ್ಲೈಟ್ ಹುಟ್ಟುವುದೇ ತಡ. ನೀರಿನ ಬದಲು ಎಣ್ಣೆಯಲ್ಲಿ ಸಾವಕಾಶವಾಗಿ ತಣಿಸಿದರೂ ನಡುಮಧ್ಯದವರೆಗೆ ಮಾರ್ಟೆನ್ಸೈಟ್ ಸಿಗುತ್ತದೆ. ಬೆಂಗಳೂರಿನ ಪೀಣ್ಯದ ಯಾವ ಶೆಡ್ಡಿನಲ್ಲಿ ಕೇಳಿದರೂ ಇಎನ್ 8, ಇಎನ್ 24 ಎಂಬ ಎರಡು ದರ್ಜೆಯ ಉಕ್ಕುಗಳ ಭೇದವನ್ನು ಹೀಗೇ ಹೇಳುತ್ತಾರೆ: ಮೊದಲನೆಯದಕ್ಕೆ ಮೇಲೆ ಮೇಲೆ ಗಡಸು ಬರುತ್ತದೆ, ಎರಡನೆಯದು ಒಳಗಿನವರೆಗೂ ಹಿಡಿಯುತ್ತದೆ. ಎರಡರಲ್ಲೂ ಇಂಗಾಲ ಶೇಕಡಾ 0.4ರ ಆಸುಪಾಸೇ. ಇಎನ್ 24ಕ್ಕೆ ಅಮೆರಿಕದಲ್ಲಿ ಹತ್ತಿರದ ದಾಯಾದಿ 4340.

ಎಣ್ಣೆಯಿಂದ ಎತ್ತಿದ ಇಎನ್ 24 ಗಡಸೇನೋ ಹೌದು, ಆದರೆ ಕೆಳಗೆ ಬಿದ್ದರೆ ಒಡೆಯುವಷ್ಟು ಪೆಡಸು. ಅದನ್ನು ಮತ್ತೆ ಕಾಯಿಸಿ ಹದಕ್ಕೆ ತರುವುದೇ ಟೆಂಪರಿಂಗ್. ಮೊದಲು ಕಿತ್ತುಕೊಂಡಿದ್ದ ಪುರುಸೊತ್ತನ್ನು ಇಂಗಾಲಕ್ಕೆ ಈಗ ಅಳೆದೂ ಸುರಿದೂ ಚೂರುಚೂರಾಗಿ ಕೊಡುತ್ತಾರೆ. 200 ಡಿಗ್ರಿಯಲ್ಲಿ ಇಂಗಾಲ ಹೊರಬಂದು ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬೈಡ್ ಕಣಗಳಾಗುತ್ತದೆ. ಬಲ ಸುಮಾರು 1,900 ಮೆಗಾಪ್ಯಾಸ್ಕಲ್ ಉಳಿಯುತ್ತದೆ. 650 ಡಿಗ್ರಿಗೆ ಕೊಂಡೊಯ್ದರೆ ಕಣಗಳು ಉಂಡೆಗಟ್ಟಿ ಬಲ 1,000ಕ್ಕೆ ಇಳಿಯುತ್ತದೆ, ತಾಳಿಕೆ ಬಹಳವೇ ಏರುತ್ತದೆ. ಕಮ್ಮಾರರು ಉಳಿಯ ಬಾಯಿಯ ಮೇಲೆ ಓಡುವ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಬಣ್ಣಗಳನ್ನು ನೋಡಿ ಹದ ಹಿಡಿಯುವುದು 220ರಿಂದ 300 ಡಿಗ್ರಿವರೆಗಿನ ಇದೇ ಹಾದಿಯಲ್ಲಿ.

ಹೆಚ್ಚು ಕಾಯಿಸಿದಷ್ಟೂ ತಾಳಿಕೆ ಹೆಚ್ಚುತ್ತದೆ ಎಂಬ ಸಾಮಾನ್ಯ ಜ್ಞಾನ ಇಲ್ಲಿ ಕೈಕೊಡುತ್ತದೆ. 260ರಿಂದ 370 ಡಿಗ್ರಿಯ ನಡುವೆ ಒಂದು ಹಳ್ಳವಿದೆ. ಬಲವೂ ಇಳಿದಿರುತ್ತದೆ, ಏಟು ತಡೆಯುವ ಶಕ್ತಿಯೂ 200 ಡಿಗ್ರಿಯಲ್ಲಿದ್ದದ್ದಕ್ಕಿಂತ ಕಡಿಮೆ. ಮಾರ್ಟೆನ್ಸೈಟಿನ ಪಟ್ಟಿಗಳ ನಡುವೆ ಅಳಿದುಳಿದಿದ್ದ ಆಸ್ಟೆನೈಟ್ ಒಡೆದು, ಪಟ್ಟಿಯುದ್ದಕ್ಕೂ ಸಿಮೆಂಟೈಟಿನ ತೆಳು ತಗಡು ಕೂರುವುದು ಇದಕ್ಕೆ ಒಂದು ಮುಖ್ಯ ಕಾರಣ. ಬಿರುಕಿಗೆ ಅದು ಹಾಸಿಕೊಟ್ಟ ದಾರಿ. ಇನ್ನೂ ಮೇಲೆ, 375ರಿಂದ 575ರ ನಡುವೆ ನಿಧಾನವಾಗಿ ತಣಿಸಿದರೆ ರಂಜಕ, ತವರ, ಆಂಟಿಮನಿಯಂಥ ಕಲ್ಮಶಗಳು ಹರಳುಗಳ ಗಡಿಗೆ ಹೋಗಿ ಕೂತು ಇನ್ನೊಂದು ಬಗೆಯ ಪೆಡಸುತನ ತರುತ್ತವೆ. ಇಎನ್ 24ರಲ್ಲಿ ಮಾಲಿಬ್ಡಿನಂ ಇರುವುದಕ್ಕೆ ಇದನ್ನು ತಡೆಯುವುದೂ ಒಂದು ಕಾರಣ. ರಾಕ್‌ವೆಲ್ ಯಂತ್ರಕ್ಕೆ ಈ ಎರಡು ರೋಗಗಳೂ ಕಾಣುವುದಿಲ್ಲ. ಗಡಸುತನದ ಅಂಕಿಯೊಂದನ್ನೇ ನೋಡಿ ಮಾಲು ಪಾಸು ಮಾಡುವ ನಮ್ಮ ಸಣ್ಣ ಕಾರ್ಖಾನೆಗಳ ಅಭ್ಯಾಸ ನನಗೆ ಒಪ್ಪಿಗೆಯಾಗದಿರುವುದು ಅದಕ್ಕೇ.

ವಿಮಾನದ ಲ್ಯಾಂಡಿಂಗ್ ಗೇರಿಗೆ 1,900ರಷ್ಟು ಬಲವೂ ಬೇಕು, 200 ಡಿಗ್ರಿಗಿಂತ ಮೇಲಿನ ಹದವೂ ಬೇಕು. ಅಂದರೆ ಸರಿಯಾಗಿ ಆ ಹಳ್ಳದೊಳಕ್ಕೇ ಇಳಿಯಬೇಕು. ದಾರಿ ತೋರಿಸಿದ್ದು ಸಿಲಿಕಾನ್. ಸಿಮೆಂಟೈಟ್ ತನ್ನೊಳಗೆ ಸಿಲಿಕಾನನ್ನು ಸೇರಿಸಿಕೊಳ್ಳುವುದಿಲ್ಲ, ಅದನ್ನು ಆಚೆ ತಳ್ಳಿಯೇ ಬೆಳೆಯಬೇಕು. ಹಾಗಾಗಿ ಬೆಳವಣಿಗೆ ತಡವಾಗುತ್ತದೆ. 4340ಕ್ಕೆ ಶೇಕಡಾ 1.6ರಷ್ಟು ಸಿಲಿಕಾನ್ ಸೇರಿಸಿದ 300ಎಂ ಉಕ್ಕಿನಲ್ಲಿ ಆ ಹಳ್ಳವೇ ಮೇಲಕ್ಕೆ ಸರಿಯುತ್ತದೆ, 300 ಡಿಗ್ರಿಯಲ್ಲಿ ನಿಶ್ಚಿಂತೆಯಿಂದ ಟೆಂಪರ್ ಮಾಡಬಹುದು. ಎಷ್ಟೋ ದೊಡ್ಡ ವಿಮಾನಗಳು ಇದರ ಕಾಲ ಮೇಲೆ ನಿಂತಿವೆ.

ಇಂಥ ಉಕ್ಕಿಗೆ ಹೈಡ್ರೋಜನ್ ಎಂದರೆ ವಿಷ. 1875ರಷ್ಟು ಹಿಂದೆಯೇ ಡಬ್ಲ್ಯು. ಎಚ್. ಜಾನ್ಸನ್ ಎಂಬಾತ ಆಮ್ಲದಲ್ಲಿ ಅದ್ದಿ ತೆಗೆದ ಕಬ್ಬಿಣದ ತಂತಿ ಪೆಡಸಾಗುವುದನ್ನೂ, ಮುರಿದ ತುದಿಯನ್ನು ಒದ್ದೆ ಮಾಡಿದರೆ ಅಲ್ಲಿಂದ ಗುಳ್ಳೆಗಳೇಳುವುದನ್ನೂ ವರದಿ ಮಾಡಿದ್ದ. ತುಕ್ಕು ಹಿಡಿಯದಿರಲೆಂದು ಮಾಡುವ ಪ್ಲೇಟಿಂಗ್‌ನಲ್ಲೇ ಹೈಡ್ರೋಜನ್ ಒಳಸೇರುತ್ತದೆ. ಎಲ್ಲ ಪರೀಕ್ಷೆ ಮುಗಿಸಿ ಜೋಡಿಸಿದ ಬೋಲ್ಟು ಎಷ್ಟೋ ಗಂಟೆ, ಎಷ್ಟೋ ದಿನ ಕಳೆದು ಯಾರೂ ಮುಟ್ಟದಿದ್ದರೂ ಟಪ್ಪೆಂದು ಮುರಿಯಬಹುದು. ಬಲ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ 190 ಡಿಗ್ರಿಯ ಓವನ್ನಿನಲ್ಲಿ ಹೆಚ್ಚುಕಡಿಮೆ ಒಂದಿಡೀ ದಿನ ಇಟ್ಟು ಆ ಹೈಡ್ರೋಜನನ್ನು ಹೊರಗಟ್ಟುತ್ತಾರೆ.

ಇಷ್ಟೆಲ್ಲ ಇಂಗಾಲದ ಗೋಜಲಾದರೆ ಇಂಗಾಲವನ್ನೇ ಬಿಟ್ಟರೆ ಹೇಗೆ? ಸುಮಾರು 1960ರ ಹೊತ್ತಿಗೆ ಅಮೆರಿಕದಲ್ಲಿ ಹಾಗೇ ಮಾಡಿದರು. ಮಾರೇಜಿಂಗ್ ಉಕ್ಕಿನಲ್ಲಿ ಇಂಗಾಲ ಶೇಕಡಾ 0.03ನ್ನು ಮೀರಕೂಡದು, ಬದಲಿಗೆ 18 ಭಾಗ ನಿಕ್ಕಲ್, 8ರ ಆಸುಪಾಸು ಕೋಬಾಲ್ಟ್, 5ರ ಆಸುಪಾಸು ಮಾಲಿಬ್ಡಿನಂ, ಚೂರು ಟೈಟಾನಿಯಂ. 820 ಡಿಗ್ರಿಯಿಂದ ಗಾಳಿಯಲ್ಲಿ ತಣಿಸಿದರೂ ಸಾಕು, ಪೂರ್ತಿ ಮಾರ್ಟೆನ್ಸೈಟ್. ಸಿಕ್ಕಿಬೀಳಲು ಇಂಗಾಲವೇ ಇಲ್ಲದ್ದರಿಂದ ಅದು ಮೆತ್ತಗೆ, 30 ಎಚ್‌ಆರ್‌ಸಿ ಅಷ್ಟೇ. ಬಾಗಿಸಬಹುದು, ಬೆಸೆಯಬಹುದು, ಕೊರೆಯಬಹುದು. ಎಲ್ಲ ಮುಗಿದ ಮೇಲೆ 480 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ನಿಕ್ಕಲ್ ಮತ್ತು ಟೈಟಾನಿಯಂ, ನಿಕ್ಕಲ್ ಮತ್ತು ಮಾಲಿಬ್ಡಿನಂ ಕೂಡಿದ ಅತಿಸೂಕ್ಷ್ಮ ಕಣಗಳು ಎಲ್ಲೆಡೆ ಮೊಳೆತು 50 ಎಚ್‌ಆರ್‌ಸಿ ಮುಟ್ಟುತ್ತದೆ. ಕಾಯಿಸಿದರೆ ಮೆತ್ತಗಾಗಬೇಕಾದ ಉಕ್ಕು ಇಲ್ಲಿ ಕಾಯಿಸಿದಾಗಲೇ ಗಡಸಾಗುತ್ತದೆ. ಅಳತೆಯಂತೂ ಕೂದಲೆಳೆಯಷ್ಟೂ ಬದಲಾಗುವುದಿಲ್ಲವೆನ್ನಬಹುದು. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದ 2.8 ಮೀಟರ್ ವ್ಯಾಸದ ಕವಚಕ್ಕೆ ಈ ಜಾತಿಯ 250 ದರ್ಜೆಯನ್ನೇ ಆರಿಸಿಕೊಂಡರು. 250 ಎಂದರೆ ಸುಮಾರು 1,700 ಮೆಗಾಪ್ಯಾಸ್ಕಲ್.

ಅದೇ 250 ದರ್ಜೆಯ ಉಕ್ಕಿನಿಂದ ಅಮೆರಿಕದಲ್ಲಿ 260 ಇಂಚು, ಅಂದರೆ ಆರೂವರೆ ಮೀಟರಿಗೂ ಮಿಗಿಲಾದ ವ್ಯಾಸದ ರಾಕೆಟ್ ಕವಚವೊಂದನ್ನು ಬೆಸೆದಿದ್ದರು. 1965ರ ಏಪ್ರಿಲಿನಲ್ಲಿ ಒಳಗೆ ನೀರು ತುಂಬಿ ಒತ್ತಡ ಏರಿಸುತ್ತಿದ್ದಾಗ, ಗೊತ್ತುಪಡಿಸಿದ ಒತ್ತಡ ಮುಟ್ಟುವ ಮೊದಲೇ, ಅದು ಚೂರುಚೂರಾಯಿತು. ಬೆಸುಗೆಯೊಂದರ ಬಳಿ ತಪಾಸಣೆಯಲ್ಲಿ ತಪ್ಪಿಸಿಕೊಂಡಿದ್ದ ಸಣ್ಣ ದೋಷವೇ ಮೂಲವೆಂದು ನಾಸಾದ ತನಿಖೆ ಹೇಳಿತು. ಪೈಪೋಟಿಯಲ್ಲಿದ್ದ ಇನ್ನೊಂದು ಕಂಪನಿ ಬಲ ಕಡಿಮೆಯಿದ್ದು ತಾಳಿಕೆ ಹೆಚ್ಚಿದ್ದ 200 ದರ್ಜೆಯನ್ನು ಆರಿಸಿತ್ತು. ಅಷ್ಟೇ ವ್ಯಾಸದ ಅದರ ಮೋಟಾರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫ್ಲೋರಿಡಾದಲ್ಲಿ ತಲೆಕೆಳಗಾಗಿ ನಿಂತು, ಮುಗಿಲಿಗೆ ಬೆಂಕಿ ಉಗುಳುತ್ತ, ಕವಚಕ್ಕೆ ಏನೂ ಆಗದೆ ಉರಿದು ಮುಗಿಯಿತು.